ಎಲ್ಲರಿಗೂ ಒಂದನೇ ನಂಬರು

ಮಾರ್ಚ್ ೩, ಸೋಮವಾರ

ಆಕಾಶವನ್ನು ಹರಾಜಿಗೆ ಇಟ್ಟಿದ್ದಾರೆ. ಮಾತಿನ ಅಲಂಕಾರಕ್ಕಾಗಿ ಹೀಗೆ ಬರೆಯುತ್ತಿಲ್ಲ. ಬೆಳಿಗ್ಗೆ ಪಾಳಿಗೆ ಹೋದಾಗ ನಮ್ಮ ಅಗ್ನಿಶಾಮಕ ಠಾಣೆಯ ಗೋಡೆಯ ಮೇಲೆ, ರಜೆಯವರ ಹೆಸರುಗಳ ಕೆಳಗೆ, ದೂರಸಂಪರ್ಕ ಪ್ರಾಧಿಕಾರದ ಪ್ರಕಟಣೆ ನೇತಾಡುತ್ತಿತ್ತು. ಅಗ್ನಿಶಾಮಕ, ಆಂಬುಲೆನ್ಸ್ ಮತ್ತು ಪೊಲೀಸ್ ಸೇವೆಗಳಿಗೆ ಮೀಸಲಿಟ್ಟ ತರಂಗಾಂತರದ, ಅಂದರೆ ದನಿ, ಚಿತ್ರ ಗಾಳಿಯಲ್ಲಿ ಸಾಗುವ ದಾರಿಯ, ಒಂದು ತುಂಡು ವರ್ಷಗಟ್ಟಲೆ ಬಳಕೆಯಾಗದೆ ಬಿದ್ದಿದೆಯಂತೆ. ಅದನ್ನು ಮೊಬೈಲ್ ಕಂಪನಿಗೆ ಹರಾಜಿನಲ್ಲಿ ಕೊಡುವ ಆಲೋಚನೆಯಂತೆ. ಆಕ್ಷೇಪವಿದ್ದವರು ಹನ್ನೊಂದನೇ ತಾರೀಖು ಬಹಿರಂಗ ವಿಚಾರಣೆಗೆ ಬಂದು ಹೇಳಬಹುದಂತೆ.

ಠಾಣಾಧಿಕಾರಿಗಳು ಅದನ್ನು ಓದಿ, ಮೀಸೆ ಸವರಿಕೊಂಡು, ಗುಂಡುಪಿನ್ನು ಗಟ್ಟಿಯಾಗಿದೆಯೇ ಎಂದಷ್ಟೇ ನೋಡಿದರು.

"ಸಾರ್, ಇದು ನಮ್ದು," ಎಂದೆ.

"ಏನು ನಮ್ದು?"

"ಈ ತರಂಗಾಂತರ. ನಮ್ಮ ಆಸ್ತೀನ ಮಾರ್ತಿದಾರೆ."

"ಇತ್ತು ಅಂತಾನೇ ನಂಗೆ ಗೊತ್ತಿರ್ಲಿಲ್ಲವಲ್ಲಮ್ಮ," ಎಂದು ಪಂಪು ನೋಡಲು ಹೊರಟುಹೋದರು.

ತನ್ನ ಆಸ್ತಿ ಯಾವುದೆಂದು ಜನಕ್ಕೇ ಗೊತ್ತಿಲ್ಲದಿದ್ದರೆ ಕಳ್ಳನಿಗೆ ಬೀಗ ಒಡೆಯುವ ಶ್ರಮವೂ ಉಳಿಯಿತು. (ಈ ವಾಕ್ಯ ಚೆನ್ನಾಗಿ ಬಂದಿದೆ. ಎಲ್ಲಾದರೂ ಬಳಸಬೇಕು.)

ನಾನು ಠಾಣೆಯ ಕಂಟ್ರೋಲ್ ರೂಮಿನಲ್ಲಿ ಕೂತು ಕರೆ ತೆಗೆದುಕೊಳ್ಳುವವಳು. ನಮ್ಮ ಹಳೆಯ ವಾಕಿಟಾಕಿಗಳಲ್ಲಿ ದನಿ ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಕಳೆದ ವರ್ಷ ಫುಟ್‌ಬಾಲ್ ಪಂದ್ಯದ ದಿನ ಕ್ರೀಡಾಂಗಣದ ಮೆಟ್ಟಿಲ ಮೇಲೆ ಒಬ್ಬರಿಗೆ ಎದೆನೋವು ಬಂತು. ನಮ್ಮ ಆಂಬುಲೆನ್ಸ್ ಓಡಿಸುವ ಅಕ್ಕ ಅವರ ಹೃದಯಬಡಿತದ ಗೆರೆಯನ್ನು ತನ್ನ ಮೊಬೈಲಿನಿಂದ ಆಸ್ಪತ್ರೆಯ ಡಾಕ್ಟರಿಗೆ ಕಳಿಸಲು ಹೋದರೆ, ಅದೇ ಹೊತ್ತಿಗೆ ಇಡೀ ಕ್ರೀಡಾಂಗಣ ಆಗತಾನೇ ಬಿದ್ದ ಗೋಲನ್ನು ನೆಂಟರಿಷ್ಟರಿಗೆಲ್ಲ ಕಳಿಸುತ್ತಿತ್ತು. ಆ ನೂಕುನುಗ್ಗಲಿನಲ್ಲಿ ಅಕ್ಕನ ಚಿತ್ರ ಹೊರಡಲೇ ಇಲ್ಲ. ಆ ಮನುಷ್ಯ ಬದುಕಿಕೊಂಡಿದ್ದು ಸ್ವಂತ ಹಟದಿಂದ. ಮೀಸಲು ತರಂಗಾಂತರದ ಮೇಲೆ ನಮ್ಮದೇ ಒಂದು ಜಾಲವಿದ್ದಿದ್ದರೆ ಆ ಗೆರೆ ಕಣ್ಣು ಮಿಟುಕಿಸುವಷ್ಟರಲ್ಲಿ ಡಾಕ್ಟರ ಮುಂದೆ ಇರುತ್ತಿತ್ತು. ಈಗ ಅದನ್ನೇ ಮಾರಲು ಹೊರಟಿದ್ದಾರೆ.

ಇಂದಿನಿಂದ ಸಿನಿಮಾ, ಹರಟೆ, ನಿದ್ದೆ ಎಲ್ಲ ರದ್ದು.

ನಿದ್ದೆ ಎಂದು ಬರೆದದ್ದು ಸ್ವಲ್ಪ ಹೆಚ್ಚಾಯಿತು. ಸಿನಿಮಾ, ಹರಟೆ ರದ್ದು.

ಮಾರ್ಚ್ ೬, ಗುರುವಾರ

ಕರಪತ್ರ ಅಚ್ಚಾಗಿ ಬಂತು. ಶೀರ್ಷಿಕೆ: "ಆಕಾಶ ಯಾರಪ್ಪನ ಸ್ವತ್ತು?" ಕೊನೆಯ ಸಾಲು: "ಒಂದೆಳೆಯನ್ನೂ ಕೊಡೆವು, ಯಾರೊಂದಿಗೂ ಹಂಚೆವು."

ನಾನು ಕಲಿತದ್ದೆಲ್ಲ ಕರಪತ್ರಗಳಿಂದಲೇ. ಬಸ್ ನಿಲ್ದಾಣದ ಹಳೇ ಪುಸ್ತಕದ ಗಾಡಿಯಲ್ಲಿ ಅವು ರಾಶಿ ಬಿದ್ದಿರುತ್ತವೆ. ನೀರಿನ ಹಕ್ಕು, ಕಾಲುದಾರಿಯ ಹಕ್ಕು, ಕೂಲಿಯ ಹಕ್ಕು, ಎಲ್ಲ ಸಿಗುತ್ತವೆ. ತರಂಗಾಂತರದ ಬಗ್ಗೆ ಮಾತ್ರ ಯಾರೂ ಬರೆದಿರಲಿಲ್ಲ. ಆದ್ದರಿಂದ ನೀರಿನ ಕರಪತ್ರವನ್ನು ಪಕ್ಕದಲ್ಲಿಟ್ಟುಕೊಂಡು, ನೀರು ಎಂದಿದ್ದ ಕಡೆಯೆಲ್ಲ ತರಂಗಾಂತರ ಎಂದು ಹಾಕಿ, ಉಳಿದದ್ದನ್ನು ನಾನೇ ಬರೆದೆ. ಅವಸರದಲ್ಲಿ ಮೂರನೇ ಪುಟದಲ್ಲಿ "ತರಂಗಾಂತರವನ್ನು ಕುದಿಸಿ, ಸೋಸಿ ಬಳಸಿರಿ" ಎಂಬುದು ಉಳಿದುಹೋಗಿದೆ. ಯಾರೂ ಅಷ್ಟು ಒಳಗೆ ಹೋಗಿ ಓದಲಾರರು.

ಅಕ್ಕ ನೇರವಾಗಿ ಮೂರನೇ ಪುಟವನ್ನೇ ಓದಿದರು. ಅದೂ ಚಹಾದ ಕೋಣೆಯಲ್ಲಿ, ಎಲ್ಲರ ಮುಂದೆ, ಗಟ್ಟಿಯಾಗಿ.

"ಸೋಸೋದು ಯಾವ ಬಟ್ಟೇಲಿ ಅಂತ ಹಾಕಿಲ್ವಲ್ಲೇ," ಎಂದರು. ಆಮೇಲೆ ಮೊದಲ ಪುಟಕ್ಕೆ ಬಂದು, "'ಎದ್ದೇಳಿ ನಾಗರಿಕರೇ' ಅಂತ ಬೇರೆ. ಈಗಷ್ಟೇ ಪಾಳಿ ಮುಗಿಸಿ ಬಂದಿದೀನಿ ಕಣೇ. ಮಲಗೋಕೆ ಬಿಡ್ತೀಯೋ ಇಲ್ವೋ?"

ನಗು ನಿಲ್ಲಲು ಎಷ್ಟು ಹೊತ್ತಾಯಿತೋ. ಸಂಜೆಯ ಹೊತ್ತಿಗೆ ಇಡೀ ಠಾಣೆಗೆ ನನ್ನ ಹೆಸರು ಮರೆತುಹೋಗಿ "ಕರಪತ್ರ" ಎಂದಾಗಿತ್ತು. ಇರಲಿ. ಗೇಲಿ ಮಾಡುತ್ತಲೇ ಅಕ್ಕ ಒಂದು ಕಟ್ಟು ಕರಪತ್ರವನ್ನು ಆಂಬುಲೆನ್ಸಿಗೆ ಹಾಕಿಕೊಂಡು ಹೋದದ್ದನ್ನು ನೋಡಿದ್ದೇನೆ.

ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತೇ ಪೂರ್ತಿ ಓದಿದಳು. "ಕಾಗದ ಒಳ್ಳೇದಿದೆ," ಎಂದಳು. ಒಂದು ಕರಪತ್ರವನ್ನು ಮಡಿಸಿ ಕುಂಟುತ್ತಿದ್ದ ಮೇಜಿನ ಕಾಲಿಗೆ ಕೊಟ್ಟಳು.

ಮಾರ್ಚ್ ೧೧, ಮಂಗಳವಾರ

ವಿಚಾರಣೆಯಲ್ಲಿ ಮಾತಾಡಿದೆ. ಒಬ್ಬೊಬ್ಬರಿಗೆ ಐದು ನಿಮಿಷ ಕೊಟ್ಟಿದ್ದರು. ಗಂಟೆ ಬಾರಿಸಿದರು, ಮುಂದುವರಿಸಿದೆ. ಮೈಕು ಆರಿಸಿದರು, ಮೈಕಿಲ್ಲದೆ ಮುಂದುವರಿಸಿದೆ. ಪ್ರಾಧಿಕಾರದ ಅಧ್ಯಕ್ಷೆ ದಾರಕ್ಕೆ ಕಟ್ಟಿದ ಕನ್ನಡಕವನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ಹಿಂದಿನ ಸಾಲಿನವರೆಗೂ ಒಂದೊಂದು ಪದ ಕೇಳಿಸಿತು ಎಂದು ಅಕ್ಕ ಹೇಳಿದರು. ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

ಆಮೇಲೆ ಕಂಪನಿಯ ಮ್ಯಾನೇಜರು ಎದ್ದು, ಪೂರ್ತಿ ತುಂಡು ತಮಗೇ ಬೇಕು ಎಂದ. ಅವನ ಪಕ್ಕದಲ್ಲಿ ಇನ್ನೊಬ್ಬ ಏಜೆಂಟ. ವಯಸ್ಸು ನನ್ನಷ್ಟೇ ಇರಬೇಕು, ಎಂಜಿನಿಯರಂತೆ, ಅಂಗಿಯ ಕಾಲರಿನ ಒಂದು ತುದಿ ಒಳಗೆ ಸಿಕ್ಕಿಕೊಂಡಿತ್ತು. ಅಧ್ಯಕ್ಷೆ ಅವನನ್ನು, "ಇಬ್ರೂ ಹಂಚಿಕೊಳ್ಳೋಕೆ ಆಗಲ್ವಾ?" ಎಂದು ಕೇಳಿದರು.

"ಆಗತ್ತೆ ಮೇಡಂ," ಎಂದ ಅವನು. "ಈ ಜಾಗ ಬಹಳ ಹೊತ್ತು ಖಾಲಿ ಇರತ್ತೆ. ಆಗ ಜನ ಬಳಸ್ಲಿ. ಇವರಿಗೆ ತುರ್ತು ಬಂದ ತಕ್ಷಣ ನಮ್ಮ ಗಿರಾಕಿಗಳು ಪಕ್ಕಕ್ಕೆ ಸರಿಯೋ ಹಾಗೆ ಮಾಡಬಹುದು. ಮೊದಲ ಹಕ್ಕು ಇವರದ್ದೇ."

ಎಂಥ ನಯವಾದ ಮಾತು. ಮ್ಯಾನೇಜರು ಅವನನ್ನು ದುರುಗುಟ್ಟಿಕೊಂಡು ನೋಡಿದ. ಅದೂ ನಾಟಕವೇ ಇರಬೇಕು. "ಹಂಚಿಕೊಳ್ಳೋದು ಅಂದ್ರೆ ಅರ್ಧ ಕದಿಯೋದು," ಎಂದು ನಾನು ಕೂತಲ್ಲಿಂದಲೇ ಕೂಗಿದೆ. ಏಜೆಂಟ ನನ್ನ ಕಡೆ ತಿರುಗಿ ತಲೆಯಾಡಿಸಿದ, ಗಂಟೆ ಎಷ್ಟೆಂದು ಹೇಳಿದ್ದಕ್ಕೆ ಥ್ಯಾಂಕ್ಸ್ ಅನ್ನುವವನ ಹಾಗೆ.

ಅಧ್ಯಕ್ಷೆಯ ತೀರ್ಮಾನ: "ಇಷ್ಟು ವರ್ಷ ಮೀಸಲು ಇಟ್ಕೊಂಡವರು ಒಂದು ದಿನ ಬಳಸಿ ತೋರಿಸಿ." ಇಪ್ಪತ್ತಮೂರನೇ ತಾರೀಖಿನ ಪಂದ್ಯದ ದಿನ ಕ್ರೀಡಾಂಗಣದಲ್ಲಿ ಪರೀಕ್ಷೆ. ಗೆದ್ದರೆ ಮೀಸಲು ಉಳಿಯುತ್ತದೆ, ಸೋತರೆ ಹರಾಜು. ಮೊಬೈಲ್ ಗೋಪುರ ಹೊತ್ತ ಗಾಡಿ, ಹೊಸ ಹ್ಯಾಂಡ್‌ಸೆಟ್‌ಗಳನ್ನು ಕಂಪನಿಯೇ ಎರವಲು ಕೊಡಬೇಕು.

ದಾರಿಯಲ್ಲಿ ಠಾಣಾಧಿಕಾರಿಗಳು, "ಅಷ್ಟು ಮಾತಾಡಿದೀಯ. ಇನ್ನು ಕೆಲಸಾನೂ ನೀನೇ ಮಾಡು," ಎಂದರು. ಆ ಏಜೆಂಟನ ಜೊತೆಗೆ.

ಮಾರ್ಚ್ ೧೮, ಮಂಗಳವಾರ

ಗೋಪುರದ ಗಾಡಿ ಠಾಣೆಯ ಅಂಗಳಕ್ಕೆ ಬಂದು ನಿಂತಿದೆ. ಗುಂಡಿ ಒತ್ತಿದರೆ ಕೊಳವೆಯೊಳಗಿಂದ ಕೊಳವೆ ಎದ್ದು ನೀರಿನ ಟ್ಯಾಂಕಿಗಿಂತ ಎತ್ತರಕ್ಕೆ ಹೋಗುತ್ತದೆ. ಅಗ್ನಿಶಾಮಕದವರೆಲ್ಲ ಸರದಿಯಲ್ಲಿ ನಿಂತು ಗುಂಡಿ ಒತ್ತಿ ನೋಡಿದರು. ಠಾಣಾಧಿಕಾರಿಗಳು ಎರಡು ಸಲ ಒತ್ತಿದರು.

ಕಂಪನಿಯವನು ಮಾತಿಗೊಮ್ಮೆ ನನ್ನನ್ನು "ಮೇಡಂ" ಎನ್ನುತ್ತಾನೆ. ಅದು ದಾಸ್ಯದ ಪದ ಎಂದು ತಿಳಿಸಿ ಹೇಳಿದೆ.

"ಮತ್ತೆ ಏನಂತ ಕರೀಲಿ?"

"ಏನೂ ಕರೀಬೇಡಿ."

ಆಗಿನಿಂದ ಅವನು ಏನೂ ಕರೆಯದೆ, ನನ್ನ ಮುಂದೆ ಬಂದು ನಿಂತು, ನಾನು ತಲೆಯೆತ್ತುವವರೆಗೂ ಕಾಯುತ್ತಾನೆ. ಇದು ಇನ್ನೂ ಕಿರಿಕಿರಿ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮಾತಾಡುತ್ತ ಮರೆತು, ಅದು ಮುರಿದು ಒಳಗೆ ಬಿದ್ದಮೇಲೆ ಚಮಚ ಹುಡುಕುತ್ತಾನೆ. ದಿನವೂ.

ಇವತ್ತು ಆದ್ಯತೆಯ ವಿಷಯ ಬಂತು. ಜಾಲದಲ್ಲಿ ಎಲ್ಲರ ಚಿತ್ರಗಳಿಗೂ ಒಟ್ಟಿಗೆ ಜಾಗವಿರುವುದಿಲ್ಲ. ಇಕ್ಕಟ್ಟಾದಾಗ ಯಾರನ್ನು ಮುಂದೆ ಬಿಡಬೇಕೆಂದು ಮೊದಲೇ ಹೇಳಿಡಬೇಕಂತೆ. ಪ್ರತಿ ಹ್ಯಾಂಡ್‌ಸೆಟ್ಟಿಗೂ ಒಂದು ನಂಬರು. ಒಂದು ಎಂದರೆ ಎಲ್ಲರಿಗಿಂತ ಮೊದಲು, ಎಂಟು ಎಂದರೆ ಎಲ್ಲರಿಗಿಂತ ಕೊನೆ.

"ಅಂದ್ರೆ ಪೊಲೀಸ್ ಕಮಿಷನರಿಗೆ ಒಂದು, ಗೇಟು ಕಾಯೋನಿಗೆ ಎಂಟು. ಅಲ್ವಾ?" ಎಂದೆ.

"ಸಾಮಾನ್ಯವಾಗಿ ಹಂಗೇ ಹಾಕ್ತಾರೆ. ಆದ್ರೆ ಇದು ನಿಮ್ಮ ಜಾಲ. ನೀವು ಹೇಗೆ ಹೇಳ್ತೀರೋ ಹಂಗೆ," ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಬೇರೆ ಊರಿಂದ ತಂತಿಯ ಸುರುಳಿ ತರಲು ಹೋದ.

ಮೇಲು ಕೀಳನ್ನು ನೆಲದ ಮೇಲಿಂದ ಕಿತ್ತು ಆಕಾಶದಲ್ಲಿ ನೆಡುವವಳು ನಾನಲ್ಲ. ಎಲ್ಲರಿಗೂ ಒಂದನೇ ನಂಬರು ಕೊಟ್ಟೆ. ಕಮಿಷನರಿಗೂ ಒಂದು, ಗೇಟಿನವನಿಗೂ ಒಂದು. ಇಷ್ಟು ಸಂತೋಷ ನನಗೆ ಯಾವ ಕರಪತ್ರ ಬರೆದಾಗಲೂ ಆಗಿರಲಿಲ್ಲ. ಒಂದು ಕೀಲಿಮಣೆಯ ಮುಂದೆ ಕೂತು ಸಮಾನತೆಯನ್ನು ಜಾರಿಗೆ ತಂದವರು ಎಷ್ಟು ಜನರಿದ್ದಾರೆ?

ಮಾರ್ಚ್ ೨೩, ಭಾನುವಾರ

ಸೋತೆವು.

ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಕ್ರೀಡಾಂಗಣದ ಹಿಂದಿನ ಕೋಣೆಯಲ್ಲಿ ಅಧ್ಯಕ್ಷೆಗಾಗಿ ಒಂದು ದೊಡ್ಡ ಪರದೆ. ಠಾಣಾಧಿಕಾರಿಗಳು ರೋಗಿಯ ಪಾತ್ರ ವಹಿಸಿ, ಸ್ಟ್ರೆಚರಿನ ಮೇಲೆ ಎದೆ ಹಿಡಿದುಕೊಂಡು ಮಲಗಿದ್ದರು. ಅಕ್ಕ ಅವರ ಮುಖವನ್ನೂ ಹೃದಯದ ಗೆರೆಯನ್ನೂ ಹೊಸ ಹ್ಯಾಂಡ್‌ಸೆಟ್ಟಿನಿಂದ ಆಸ್ಪತ್ರೆಗೆ ಕಳಿಸಬೇಕು. ಅಷ್ಟೇ ಪರೀಕ್ಷೆ.

ಆದರೆ ಚಿತ್ರ ಹೋಗುವ ಹ್ಯಾಂಡ್‌ಸೆಟ್ಟು ನಮ್ಮವರ ಕೈಗೆ ಸಿಕ್ಕಿದ್ದು ಇದೇ ಮೊದಲು. ಅಗ್ನಿಶಾಮಕದವರು ಒಬ್ಬರಿಗೊಬ್ಬರು ಮುಖ ತೋರಿಸಿಕೊಂಡು ನಗುತ್ತಿದ್ದರು. ಒಬ್ಬ ಕಾನ್‌ಸ್ಟೆಬಲ್ ಹೊರಗೇಟಿನಲ್ಲಿ ನಿಂತ ಗೆಳೆಯರಿಗಾಗಿ ಇಡೀ ಪಂದ್ಯವನ್ನೇ ತೋರಿಸುತ್ತಿದ್ದ. ಎಲ್ಲರದ್ದೂ ಒಂದನೇ ನಂಬರು. ಜಾಲಕ್ಕೆ ಯಾರನ್ನು ನಿಲ್ಲಿಸಬೇಕೆಂದೇ ತಿಳಿಯಲಿಲ್ಲ. ಅದು ಎಲ್ಲರಿಗೂ ಸಮನಾಗಿ ಚೂರುಚೂರು ಹಂಚಿತು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಕಂಡದ್ದು ಮೀಸೆಯ ಎಡಭಾಗ ಮಾತ್ರ.

"ರೋಗಿ ಯಾರು?" ಎಂದು ಡಾಕ್ಟರು ಹಳೆಯ ವಾಕಿಟಾಕಿಯಲ್ಲಿ ಕೇಳಿದರು. "ಬ್ರಷ್ ತೋರಿಸ್ತಿದೀರಲ್ಲ."

ಕಂಪನಿಯವನು ಕಂಪ್ಯೂಟರು ತೆರೆದು ನೋಡಿದ. "ಎಲ್ಲರಿಗೂ ಒಂದು ಕೊಟ್ಟಿದೀರಾ?"

"ಹೌದು," ಎಂದೆ, ತಲೆಯೆತ್ತಿಕೊಂಡೇ.

ಅವನು ನಗಲಿಲ್ಲ. ಅಧ್ಯಕ್ಷೆಯ ಹತ್ತಿರ ಹೋಗಿ, "ಮೇಡಂ, ಅದನ್ನ ಪರೀಕ್ಷಿಸಿ ನೋಡೋದು ನನ್ನ ಕೆಲಸವಾಗಿತ್ತು, ನೋಡಿರಲಿಲ್ಲ. ಇನ್ನೊಂದು ಅವಕಾಶ ಕೊಡಿ," ಎಂದ. ಮ್ಯಾನೇಜರಿಗೆ ಸಿಟ್ಟು ಬಂತು. ನಾನು ನಡುವೆ ನುಗ್ಗಿ, "ನಂಬರು ಹಾಕಿದವಳು ನಾನು. ಇವರಲ್ಲ," ಎಂದೆ. ಕಂಪನಿಯ ಉಪಕಾರ ನನಗೆ ಬೇಕಿಲ್ಲ.

ಅಧ್ಯಕ್ಷೆ ಇಬ್ಬರನ್ನೂ ನೋಡಿದರು. "ತಪ್ಪು ನಂದು ಅಂತ ಇಬ್ರು ಜಗಳ ಆಡಿದ್ದು ಈ ಕೆಲಸದಲ್ಲಿ ಇದೇ ಮೊದಲು ನೋಡ್ತಿರೋದು. ಏಪ್ರಿಲ್ ಹದಿಮೂರಕ್ಕೆ ಫೈನಲ್ ಇದೆಯಲ್ಲ, ಅವತ್ತು ಬರ್ತೀನಿ. ಅದೇ ಕೊನೆ."

ಮಾರ್ಚ್ ೨೪, ಸೋಮವಾರ

ಬರೆಯಲು ಏನೂ ಇಲ್ಲ. ಮೀಸೆಯ ಬ್ರಷ್ಷಿನ ಕಥೆ ನಗರದ ಎಲ್ಲ ಠಾಣೆಗಳಿಗೂ ತಲುಪಿದೆ. ಅದು ತಲುಪಲು ಯಾವ ತರಂಗಾಂತರವೂ ಬೇಕಾಗಲಿಲ್ಲ.

ಮಾರ್ಚ್ ೨೭, ಗುರುವಾರ

ಮೂರು ದಿನ ಯಾರೊಂದಿಗೂ ಮಾತಾಡದೆ ಇದ್ದೆನೆಂದು ಅಕ್ಕ ಇವತ್ತು ನನ್ನನ್ನು ಎಳೆದು ಆಂಬುಲೆನ್ಸಿಗೆ ಹತ್ತಿಸಿದರು. "ನೀನು ಸುಮ್ನಿದ್ರೆ ನಂಗೆ ಜ್ವರ ಬರೋ ಹಾಗಾಗತ್ತೆ. ಬಾ, ಗಾಳಿ ಕುಡಿ."

ಗಾಡಿಯ ಹಿಂಭಾಗದಲ್ಲಿ ಒಬ್ಬರು ಗಾರೆ ಕೆಲಸದವರು, ಕಾಲು ಮುರಿದಿತ್ತು. ದಾರಿಯುದ್ದಕ್ಕೂ ಅಕ್ಕನನ್ನೂ, ರಸ್ತೆಯ ಗುಂಡಿಗಳನ್ನೂ, ಏಣಿ ಮಾಡಿದವನ ವಂಶವನ್ನೂ ಬೈದುಕೊಂಡು ಬಂದರು. ಆಸ್ಪತ್ರೆಯ ಬಾಗಿಲಿಗೆ ಹೋಗುವ ಇಳಿಜಾರಿನಲ್ಲಿ ಒಂದೇ ಗಾಡಿಗೆ ಜಾಗ. ನಾವು ಮೊದಲು ಮುಟ್ಟಿದೆವು. ಆಗ ಹಿಂದಿನಿಂದ ಇನ್ನೊಂದು ಆಂಬುಲೆನ್ಸು ಬಂತು. ಯಾರೂ ಕೇಳಲಿಲ್ಲ, ಯಾರೂ ಹಾರ್ನ್ ಹೊಡೆಯಲಿಲ್ಲ. ಅಕ್ಕ ಕಿಟಕಿಯಿಂದ ಕೈ ಹೊರಗೆ ಹಾಕಿ ಬೆರಳುಗಳನ್ನು ಕೋಳಿಯ ಕೊಕ್ಕಿನ ಹಾಗೆ ಬಡಬಡ ಆಡಿಸಿದರು. ಆ ಗಾಡಿಯ ಡ್ರೈವರ್ ಮುಷ್ಟಿ ತೋರಿಸಿದ. ಅಕ್ಕ ತಕ್ಷಣ ಹಿಮ್ಮುಖ ಗೇರು ಹಾಕಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಅದೇನು ಸನ್ನೆ?"

"ನಮ್ಮ ಪೇಷಂಟ್ ಮಾತಾಡ್ತಿದಾರೆ ಅಂದೆ. ಅವನದ್ದು ಮಾತಾಡ್ತಿಲ್ಲ ಅಂದ. ಮಾತಾಡೋರು ಕಾಯ್ತಾರೆ."

"ಹಂಗಂತ ಯಾವ ನಿಯಮದಲ್ಲಿದೆ?"

"ಎಲ್ಲಾದ್ರೂ ಅಚ್ಚು ಹಾಕಿಸಿದ್ರೆ ಮಾತ್ರ ನಿಂಗೆ ನಂಬಿಕೆ. ಎಲ್ಲ ಡ್ರೈವರ್‌ಗಳೂ ಹಂಗೇ ಮಾಡ್ತೀವಿ."

"ನಾನು ಮಾತಾಡ್ತಿದ್ರೆ ನಂಗೆ ನೋವಿಲ್ಲ ಅಂತಾನಾ?" ಎಂದು ಹಿಂದಿನಿಂದ ಗಾರೆಯವರು ಗುಡುಗಿದರು.

"ನೋವಿದೆ ಅಣ್ಣ. ಆದ್ರೆ ಜೀವಾನೂ ಇದೆ. ಬೈತಾ ಇರಿ, ನಂಗೂ ಧೈರ್ಯ."

ನಾನು ಇಳಿಜಾರಿನ ಪಕ್ಕದಲ್ಲಿ ಇಳಿದು ನಿಂತುಬಿಟ್ಟೆ. ಹಿಂದೆ ಬಂದ ಗಾಡಿಯಲ್ಲಿದ್ದವರು ಯಾರು? ಮಂತ್ರಿಯೋ ಮೂಟೆ ಹೊರುವವರೋ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ. ಹಾಗಿದ್ದ ಮೇಲೆ ನಂಬರನ್ನು ಮನುಷ್ಯನಿಗೆ ಯಾಕೆ ಕೊಡಬೇಕು? ಆ ಹೊತ್ತಿನ ಅಗತ್ಯಕ್ಕೆ ಕೊಟ್ಟರಾಯಿತು. ಎಲ್ಲರೂ ಸುಮ್ಮನಿರುವಾಗ ಎಲ್ಲರೂ ಹಿಂದೆ. ಹ್ಯಾಂಡ್‌ಸೆಟ್ಟಿನ ತುರ್ತು ಗುಂಡಿ ಒತ್ತಿದವರು ಯಾರೇ ಇರಲಿ, ಆ ಕ್ಷಣಕ್ಕೆ ಒಂದು. ಕೆಲಸ ಮುಗಿದ ಮೇಲೆ ಮತ್ತೆ ಹಿಂದಕ್ಕೆ.

ನಾನು ಮೊದಲು ಕೊಟ್ಟದ್ದೂ ಸಮಾನತೆಯೇ, ಇದೂ ಸಮಾನತೆಯೇ. ಇದು ಸ್ವಲ್ಪ ಹೆಚ್ಚು ಕೆಲಸ ಮಾಡುವ ಸಮಾನತೆ ಎನ್ನಬಹುದು.

ಠಾಣೆಗೆ ಓಡಿ ಬಂದು ಎಂಜಿನಿಯರಿಗೆ ಹೇಳಿದೆ. ಅವರು ಬಿಸ್ಕತ್ತನ್ನು ಕೈಯಲ್ಲೇ ಹಿಡಿದು ಪೂರ್ತಿ ಕೇಳಿದರು, ಅದ್ದಲೇ ಇಲ್ಲ. "ಮಾಡಬಹುದು," ಎಂದರು. ಆಮೇಲೆ, "ಖಾಲಿ ಇದ್ದಾಗ ಹೊರಗಿನ ಜನಾನೂ ಎಂಟನೇ ನಂಬರಲ್ಲಿ ಇರಬಹುದಲ್ವಾ? ಗುಂಡಿ ಒತ್ತಿದ ತಕ್ಷಣ ಅವರೂ ಸರೀತಾರೆ," ಎಂದರು.

"ಇರ್ಲಿ ಬಿಡಿ, ಅವರೂ ಜನಾನೇ ಅಲ್ವಾ," ಎಂದೆ. ತಲೆಯಲ್ಲಿ ಬೇರೆ ಏನೇನೋ ಓಡುತ್ತಿತ್ತು.

ಏಪ್ರಿಲ್ ೨, ಬುಧವಾರ

ಠಾಣಾಧಿಕಾರಿಗಳನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು.

"ನಾನು ಆರನೇ ನಂಬರಾ?"

"ಸುಮ್ನಿದ್ದಾಗ ಆರು ಸಾರ್. ಬೆಂಕಿ ಹತ್ರ ಇದ್ದಾಗ ಮೂರು. ನಿಮಗೇ ಬೆಂಕಿ ತಗುಲಿದ್ರೆ ಒಂದು."

ಮೀಸೆ ಸವರಿಕೊಂಡರು. "ಆರೇ ಇರ್ಲಿ," ಎಂದರು.

"ಅಧ್ಯಕ್ಷೆ ಮೇಡಂ ಪರದೆಗೆ ಏಳು."

"ಅದನ್ನ ಅವರಿಗೆ ಹೇಳೋರು ಯಾರು?"

"ಯಾರೂ ಹೇಳೋದು ಬೇಡ ಸಾರ್."

"ಅದು ಸರಿ," ಎಂದರು.

ಕ್ರೀಡಾಂಗಣ ಗುಡಿಸುವ ಚಿಕ್ಕಮ್ಮನಿಗೂ ಒಂದು ಹ್ಯಾಂಡ್‌ಸೆಟ್ಟು ಬೇಕೆಂದು ಹಟ ಮಾಡಿದೆ. ಎಲ್ಲರೂ ಅವರನ್ನು ಕರೆಯುವುದೇ ಚಿಕ್ಕಮ್ಮ ಎಂದು. ಪಂದ್ಯದ ಹೊತ್ತಿಗೆ ಪ್ರತಿ ಮೆಟ್ಟಿಲ ಸಾಲಿನಲ್ಲೂ ಅವರು ಒಮ್ಮೆಯಾದರೂ ಹಾದುಹೋಗುತ್ತಾರೆ, ನಮ್ಮವರು ಗೇಟಿನಲ್ಲೇ ನಿಂತಿರುತ್ತಾರೆ. ಮ್ಯಾನೇಜರು ಬೇಡವೇ ಬೇಡ ಎಂದ. ಎಂಜಿನಿಯರು ತಮ್ಮ ಸ್ವಂತದ ಹ್ಯಾಂಡ್‌ಸೆಟ್ಟನ್ನೇ ತಂದು ಚಿಕ್ಕಮ್ಮನ ಕೈಗಿಟ್ಟರು. "ಇದರಲ್ಲಿ ನನ್ನ ಮಗಳು ಕಾಣ್ತಾಳಾ?" ಎಂದು ಅವರು ಕೇಳಿದರು. ಕಾಣುವುದಿಲ್ಲ ಎಂದಾಗ ಅಷ್ಟೇನೂ ಬೇಸರಪಡಲಿಲ್ಲ. "ಒಳ್ಳೇದೇ ಆಯ್ತು, ಅವಳು ದುಡ್ಡು ಕೇಳ್ತಿದ್ಲು."

ಏಪ್ರಿಲ್ ೬, ಭಾನುವಾರ

ಹೊಸ ತಾಪತ್ರಯ. ನಮ್ಮಲ್ಲಿ ನೀರಿನ ಗಾಡಿ ಓಡಿಸುವ ಒಬ್ಬರಿದ್ದಾರೆ, ಎಲ್ಲರೂ ಅವರನ್ನು ಡ್ರಮ್ಮಣ್ಣ ಎನ್ನುತ್ತಾರೆ. ಅವರು ಬಗ್ಗಿದಾಗಲೆಲ್ಲ ಸೊಂಟದ ಹ್ಯಾಂಡ್‌ಸೆಟ್ಟಿನ ತುರ್ತು ಗುಂಡಿ ಹೊಟ್ಟೆಗೆ ಒತ್ತಿಕೊಳ್ಳುತ್ತದೆ. ಇವತ್ತಿನ ತಾಲೀಮಿನಲ್ಲಿ ಇಡೀ ಜಾಲ ಮೂರು ಸಲ ಪಕ್ಕಕ್ಕೆ ಸರಿದು ಅವರ ಹೊಟ್ಟೆಗೆ ದಾರಿ ಬಿಟ್ಟುಕೊಟ್ಟಿತು.

ಹ್ಯಾಂಡ್‌ಸೆಟ್ಟನ್ನು ಅಮ್ಮನ ಹತ್ತಿರ ತಂದೆ. ಎಂಜಿನಿಯರೂ ಬಂದಿದ್ದರು, ಅಳತೆ ಹೇಳಲು ಅವರು ಬೇಕಿತ್ತು. ಅಮ್ಮ ಸೊಂಟದ ಬದಲು ಭುಜಕ್ಕೆ ಬರುವ ಹಾಗೆ ಒಂದು ಚೀಲ ಕತ್ತರಿಸಿ, ಗುಂಡಿಯ ಮೇಲೆ ದಪ್ಪ ಬಟ್ಟೆಯ ಮುಚ್ಚಳ ಹೊಲಿದಳು. ಬೆರಳು ಹಾಕಿದರೆ ತೆರೆಯುತ್ತದೆ, ಹೊಟ್ಟೆಗೆ ತೆರೆಯುವುದಿಲ್ಲ. ಹೊಲಿಯುತ್ತ ಹೊಲಿಯುತ್ತ ಅವರ ಕಾಲರನ್ನು ನೋಡಿ, "ಬಾರಪ್ಪ ಇಲ್ಲಿ," ಎಂದು ಹತ್ತಿರ ಕರೆದು ಒಳಗೆ ಸಿಕ್ಕಿದ್ದ ತುದಿಯನ್ನು ಹೊರಗೆ ತೆಗೆದಳು. ಅವರು ಕಿವಿಯವರೆಗೂ ಕೆಂಪಾದರು.

ಅವರು ಹೋದಮೇಲೆ ಅಮ್ಮ ಕೇಳಿದಳು, "ಇವನೇನಾ ನೀನು ಆಕಾಶಗಳ್ಳ ಅಂತಿದ್ದೋನು?"

"ಅದು ಕಂಪನಿ ಅಮ್ಮ. ಇವರಲ್ಲ."

"ಹಾಗೋ," ಎಂದು ದಾರವನ್ನು ಹಲ್ಲಿನಿಂದ ಕಡಿದಳು. ಅಮ್ಮನ "ಹಾಗೋ"ಗಳಿಗೆಲ್ಲ ಉತ್ತರ ಕೊಡುತ್ತ ಕೂತರೆ ಕ್ರಾಂತಿ ಆಗುವುದಿಲ್ಲ.

ಏಪ್ರಿಲ್ ೧೩, ಭಾನುವಾರ

ಮೊದಲು ಒಂದು ಲೋಟ ನೀರು ಕುಡಿದು ಬಂದು ಬರೆಯುತ್ತಿದ್ದೇನೆ.

ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಹಿಂದಿನ ಕೋಣೆಯಲ್ಲಿ ನಾನು ಮತ್ತು ಎಂಜಿನಿಯರು ಕಂಪ್ಯೂಟರಿನ ಮುಂದೆ. ನಮ್ಮ ಬೆನ್ನ ಹಿಂದೆ ಅಧ್ಯಕ್ಷೆ, ಮ್ಯಾನೇಜರು, ದೊಡ್ಡ ಪರದೆ. ಹೊರಗೆ, ಕೋಲಿಗೆ ಕಟ್ಟಿ ನಿಲ್ಲಿಸಿದ ಹ್ಯಾಂಡ್‌ಸೆಟ್ಟಿನ ಮುಂದೆ, ಸ್ಟ್ರೆಚರಿನ ಮೇಲೆ ಠಾಣಾಧಿಕಾರಿಗಳು ಮತ್ತೆ ಎದೆ ಹಿಡಿದುಕೊಂಡು ಮಲಗಿದರು. ಈ ಸಲ ಪೂರ್ತಿ ಮೀಸೆ ಕಾಣುತ್ತಿತ್ತು, ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಪರದೆ ಕಪ್ಪಾಯಿತು.

"ಏನಾಯ್ತು?" ಎಂದರು ಅಧ್ಯಕ್ಷೆ.

"ಕೆಟ್ಟೋಯ್ತು, ಇನ್ನೇನು," ಎಂದ ಮ್ಯಾನೇಜರು. ದನಿಯಲ್ಲಿ ಖುಷಿಯಿತ್ತು.

ನನ್ನ ಚಿಕ್ಕ ಪರದೆಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ, ಯಾರೋ ತುರ್ತು ಗುಂಡಿ ಒತ್ತಿದ್ದರು. ಚಿಕ್ಕಮ್ಮನ ಹ್ಯಾಂಡ್‌ಸೆಟ್ಟು. ಪೂರ್ವದ ಮೆಟ್ಟಿಲುಗಳ ಮೇಲೆ ಒಬ್ಬ ಡೋಲು ಬಾರಿಸುವವನು ಡೋಲಿನ ಮೇಲೆಯೇ ಕುಸಿದಿದ್ದ. ಇದು ತಾಲೀಮಲ್ಲ. ಚಿಕ್ಕಮ್ಮ ಒಂದು ಕೈಯಲ್ಲಿ ಜನರನ್ನು ಪೊರಕೆಯಿಂದ ಹಿಂದಕ್ಕೆ ತಳ್ಳುತ್ತ, ಇನ್ನೊಂದು ಕೈಯಲ್ಲಿ ಅವನ ಮುಖ ತೋರಿಸುತ್ತಿದ್ದರು. ಅಕ್ಕ ಸುಳ್ಳು ರೋಗಿಯನ್ನು ಅಲ್ಲೇ ಬಿಟ್ಟು ಓಡಿದರು. ಠಾಣಾಧಿಕಾರಿಗಳೂ ಸ್ಟ್ರೆಚರಿನಿಂದ ಎದ್ದು, ಅದನ್ನೇ ಹೊತ್ತುಕೊಂಡು ಹಿಂದೆ ಓಡಿದರು.

"ಮೇಡಂ ಅವರ ಪರದೆ ವಾಪಸ್ ಹಾಕು," ಎಂದು ಮ್ಯಾನೇಜರು ನನ್ನ ಕಿವಿಯ ಹತ್ತಿರವೇ ಕಿರುಚಿದ. "ಒಂದು ಗುಂಡಿ ಒತ್ತಿದ್ರೆ ಬರತ್ತೆ. ಇವರು ಎದ್ದು ಹೋದ್ರೆ ನಿಮ್ಮ ಮೀಸಲೂ ಹೋಯ್ತು, ಗೊತ್ತಾ?"

ಗೊತ್ತಿತ್ತು. ಗುಂಡಿ ನನ್ನ ಹೆಬ್ಬೆರಳಿನ ಹತ್ತಿರವೇ ಇತ್ತು. ಅದನ್ನು ಒತ್ತಿದರೆ ಅಕ್ಕ ಕಳಿಸುತ್ತಿದ್ದ ಹೃದಯದ ಗೆರೆ ಅರ್ಧಕ್ಕೆ ಕಡಿಯುವ ಸಾಧ್ಯತೆಯೂ ಇತ್ತು. ಅಧ್ಯಕ್ಷೆಯೂ ಎದ್ದು ನಿಂತು ಏನೋ ಕೇಳತೊಡಗಿದರು. ನಾನು ಅವರ ಕಡೆ ಅರ್ಧ ತಿರುಗಿ, ಬೆರಳನ್ನು ತುಟಿಗೆ ಒತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಪ್ರಾಧಿಕಾರದ ಅಧ್ಯಕ್ಷೆಗೆ. ನನ್ನ ಕೈಯನ್ನು ಗುಂಡಿಯಿಂದ ದೂರ ಎಳೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡೆ. ಪಕ್ಕದಲ್ಲಿ ಎಂಜಿನಿಯರು ಎದ್ದು ಮ್ಯಾನೇಜರಿಗೂ ನನಗೂ ನಡುವೆ ನಿಂತರು, ಗೋಡೆಯ ಹಾಗೆ.

ಡಾಕ್ಟರ ದನಿ ಮಾತ್ರ ಬರುತ್ತಿತ್ತು. ಗೆರೆ ಸ್ಪಷ್ಟವಾಗಿದೆ, ಎದೆ ಒತ್ತಿ, ಶಾಕ್ ಕೊಡೋ ಯಂತ್ರ ಹಚ್ಚಿ, ದೂರ ಸರಿಯಿರಿ, ಇನ್ನೊಮ್ಮೆ. ಆಮೇಲೆ ಏನೂ ಇಲ್ಲ.

ಆಮೇಲೆ ಅಕ್ಕನ ದನಿ, ಏದುಸಿರಿನಲ್ಲಿ: "ಪೇಷಂಟ್ ಕಣ್ಣು ಬಿಟ್ರು. ಮಾತಾಡ್ತಿದಾರೆ. ಸ್ಕೋರ್ ಎಷ್ಟು ಅಂತ ಕೇಳ್ತಿದಾರೆ."

"ಹೇಳ್ಬೇಡಿ," ಎಂದರು ಡಾಕ್ಟರು. "ಸೋಲ್ತಿದೀವಿ."

ಎಂಜಿನಿಯರು ನಕ್ಕರು, ನಾನೂ ನಕ್ಕೆ, ನಗುತ್ತಲೇ ಅತ್ತೆ. ಕೆಂಪು ಚುಕ್ಕೆ ಆರಿತು, ದೊಡ್ಡ ಪರದೆ ತಾನಾಗಿಯೇ ಬೆಳಗಿತು. ಅದರಲ್ಲಿ ಸ್ಟ್ರೆಚರು ಇದ್ದ ಜಾಗದ ಖಾಲಿ ನೆಲ ಮಾತ್ರ ಕಾಣುತ್ತಿತ್ತು.

ಅಧ್ಯಕ್ಷೆ ಹತ್ತಿರ ಬಂದರು. "ನನ್ನದು ಎಷ್ಟನೇ ನಂಬರು?"

"ಏಳು, ಮೇಡಂ."

"ಗುಡಿಸೋರು ನನಗಿಂತ ಮುಂದೆ ಹೋದ್ರು."

"ಆ ಹೊತ್ತಿಗೆ ಮಾತ್ರ, ಮೇಡಂ. ಈಗ ಅವರೂ ಆರು."

ಅವರು ಕನ್ನಡಕ ಒರೆಸಿಕೊಳ್ಳುತ್ತ ನಿಂತರು. "ನನ್ನ ಆಫೀಸಲ್ಲಿ ನಂಗೆ ಏಳನೇ ನಂಬರು ಕೊಡೋ ಧೈರ್ಯ ಯಾರಿಗೂ ಇಲ್ಲ," ಎಂದು, ಒಂದು ಸಣ್ಣ ನಗು ನಕ್ಕು, ಆದೇಶ ಬರೆದು ಕಳಿಸುತ್ತೇನೆ ಎಂದು ಹೊರಟರು. ಏನು ಆದೇಶ ಎಂದು ಹೇಳಲಿಲ್ಲ.

ಏಪ್ರಿಲ್ ೧೫, ಮಂಗಳವಾರ

ಆದೇಶ ಬಂದಿಲ್ಲ. ಡೋಲಿನವನನ್ನು ನೋಡಲು ನಾನೂ ಎಂಜಿನಿಯರೂ ಆಸ್ಪತ್ರೆಗೆ ಹೋಗಿದ್ದೆವು. ಡೋಲು ಒಡೆದಿದೆಯೆಂಬುದೇ ಅವನ ಚಿಂತೆ. ಬರುವಾಗ ನಡೆದೇ ಬಂದೆವು, ದೂರ ಗೊತ್ತಾಗಲಿಲ್ಲ. ಅವನಿಗೆ ಬಿಸ್ಕತ್ತು ಅದ್ದುವ ಸರಿಯಾದ ಕ್ರಮ ಹೇಳಿಕೊಟ್ಟೆ. ಕಲಿಯುವ ಆಸಕ್ತಿಯಿದೆ.

ಏಪ್ರಿಲ್ ೧೭, ಗುರುವಾರ

ಬಂತು.

ತರಂಗಾಂತರ ಹರಾಜಿಗಿಲ್ಲ. ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್ ಸೇವೆಗಳಿಗೆ ಕಾಯಂ ಮೀಸಲು. ಖಾಲಿಯಿದ್ದಾಗ ಸಾರ್ವಜನಿಕರು ಬಳಸಬಹುದು, ತುರ್ತು ಬಂದ ಕೂಡಲೇ ಸರಿಯಬೇಕು. ಆದ್ಯತೆ ಹುದ್ದೆಗಲ್ಲ, ಆ ಹೊತ್ತಿನ ಅಗತ್ಯಕ್ಕೆ. ಈ ಕೊನೆಯ ಸಾಲನ್ನು ನಾನು ಎದ್ದು ನಿಂತು ಓದಿದೆ.

"ಪೂರ್ತಿ ನಿಮಗೇ ಸಿಗಲಿಲ್ಲ, ಬೇಜಾರಾಯ್ತಾ?" ಎಂದು ಬಿಸ್ಕತ್ತು ಅದ್ದುತ್ತ ಅವನು ಕೇಳಿದ. ವಿಚಿತ್ರ ಪ್ರಶ್ನೆ. ನಾನು ಮೊದಲ ದಿನದಿಂದ ಕೇಳುತ್ತ ಬಂದದ್ದು ಇದನ್ನೇ ಅಲ್ಲವೇ? ಹಾಗೆಂದು ಹೇಳಿದೆ. ಅಕ್ಕ ಚಹಾವನ್ನು ಮೂಗಿಗೆ ಏರಿಸಿಕೊಂಡು ಕೆಮ್ಮಿದರು. ಯಾಕೆಂದು ಕೇಳಿದರೆ, "ಏನಿಲ್ಲ ಕಣೇ, ಸೋಸಿರ್ಲಿಲ್ಲ," ಎಂದರು.

ಮಧ್ಯಾಹ್ನ ಠಾಣಾಧಿಕಾರಿಗಳು ಗಂಟಲು ಸರಿಮಾಡಿಕೊಂಡು, ಹೊಸ ಜಾಲದಲ್ಲಿ ನಗರದ ಎಲ್ಲ ಠಾಣೆಗಳಿಗೂ ಆದೇಶವನ್ನು ಓದಿದರು. ವರ್ಷಕ್ಕೆ ನಾಲ್ಕು ವಾಕ್ಯ ಆಡುವ ಮನುಷ್ಯ ಅಲ್ಪವಿರಾಮಗಳನ್ನೂ ಬಿಡದೆ ಓದಿದರು. ಆಮೇಲೆ ಒಂದೊಂದು ಠಾಣೆಯೂ ಸರದಿಯಂತೆ ಉತ್ತರ ಕೊಟ್ಟಿತು. ಬಂದರಿನವರು ಸೈರನ್ ಹಾಕಿದರು. ಹೊಳೆ ದಂಡೆಯವರು, ಬ್ರಷ್ ಹೇಗಿದೆ ಎಂದು ಕೇಳಿದರು. ಸೇತುವೆಯ ಠಾಣೆಯಲ್ಲಿ ಯಾರೋ ಹಾಡತೊಡಗಿ, ನಡುವೆ ನಿಲ್ಲಿಸಿ, ಮುಂದಿನವರಿಗೆ ದಾರಿ ಬಿಟ್ಟರು. ಚಿಕ್ಕಮ್ಮ ಕ್ರೀಡಾಂಗಣದಿಂದ, "ನಾನು ಇಲ್ಲೇ ಇದೀನಿ," ಎಂದರು.

ಕೊನೆಗೆ ಕಂಟ್ರೋಲ್ ರೂಮಿನ ಸರದಿ. ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕ ಕುರ್ಚಿ ಎಳೆದುಕೊಂಡು, ಕಾಲು ಚಾಚಿ, ಉದ್ದ ಭಾಷಣಕ್ಕೆ ತಯಾರಾಗಿ ಕೂತರು. ಅವನು ಬಾಗಿಲಲ್ಲಿ ನಿಂತಿದ್ದ, ಕಾಲರಿನ ಒಂದು ತುದಿ ಮತ್ತೆ ಒಳಗೆ. ನಾನು ಮೈಕಿನ ಗುಂಡಿ ಒತ್ತಿ ಹಿಡಿದೆ. ಅಷ್ಟು ಠಾಣೆಗಳು, ಅಷ್ಟು ಜನ, ಎಲ್ಲರೂ ಬಾಯಿ ಮುಚ್ಚಿಕೊಂಡು ನನಗಾಗಿ ಕಾಯುತ್ತಿದ್ದಾರೆ.

"ಎಲ್ಲರದ್ದೂ ಕೇಳಿಸ್ತು," ಎಂದೆ. ಗುಂಡಿ ಬಿಟ್ಟೆ.